ನೆಲ ನೋಡಿ ನುಡಿಸಿದವರು

“ಗುರುಗಳೇ, ಹೆಣ್ಣುಮಕ್ಕಳ ಎದುರು ಕಣ್ಣು ತಗ್ಗಿಸುವುದು ತಪ್ಪೇ?”

ಗುರುಶಾಂತ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಗುರುಶಾಂತ ಮಠದ ಪಾಠಶಾಲೆಯ ಹಿರಿಯ ವಿದ್ಯಾರ್ಥಿ. ಅವನ ದನಿಯಲ್ಲಿ ಪ್ರಶ್ನೆಗಿಂತ ನೋವೇ ಹೆಚ್ಚಾಗಿತ್ತು.

ನಾಲ್ಕು ತಿಂಗಳ ಹಿಂದೆ ನೀಲಾಂಬಿಕೆ ಎಂಬ ವಿದುಷಿ ಛಂದಸ್ಸು ಕಲಿಸಲು ಅಲ್ಲಿಗೆ ಬಂದಿದ್ದರು. ಆ ಪಾಠಶಾಲೆಯಲ್ಲಿ ಹೆಣ್ಣುಮಗಳೊಬ್ಬಳು ಪಾಠ ಹೇಳಿದ್ದು ಅದೇ ಮೊದಲು. ಗುರುಶಾಂತ ಪ್ರಶ್ನೆ ಕೇಳಿದ ದಿನವೇ ಬೆಳಿಗ್ಗೆ ಅವರು ಗುರುಗಳ ಬಳಿ ಬಂದು, ತಿಂಗಳ ಕೊನೆಗೆ ಊರಿಗೆ ಹೊರಡುತ್ತೇನೆ ಎಂದಿದ್ದರು. ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟು: “ಇಪ್ಪತ್ತು ಮಂದಿ ಇದ್ದಾರೆ. ಈ ನಾಲ್ಕು ತಿಂಗಳಲ್ಲಿ ಒಬ್ಬರೂ ಮುಖ ಎತ್ತಿ ನೋಡಿಲ್ಲ. ನಾನು ಹಲಗೆಯ ಮೇಲೆ ಲಘು ಗುರು ಹಾಕಿ ತೋರಿಸುತ್ತೇನೆ. ಅವರು ಚಾಪೆ ನೋಡುತ್ತಾರೆ. ಯಾರಿಗೆ ತಿಳಿಯಿತು, ಯಾರಿಗೆ ತಿಳಿಯಲಿಲ್ಲ ಎಂಬುದು ನನಗೆ ಹೇಗೆ ಗೊತ್ತಾಗಬೇಕು?”

ಈ ಮಾತು ಮಧ್ಯಾಹ್ನದೊಳಗೆ ವಿದ್ಯಾರ್ಥಿಗಳ ಕಿವಿಗೂ ಬಿದ್ದಿತ್ತು.

“ನಾವು ಅವರಿಗೆ ಒಂದು ದಿನವೂ ಎದುರಾಡಿಲ್ಲ” ಎಂದ ಗುರುಶಾಂತ. “ಹೆಣ್ಣುಮಕ್ಕಳನ್ನು ದಿಟ್ಟಿಸಿ ನೋಡಬಾರದು ಎಂದು ತಾವೇ ಕಲಿಸಿದ್ದಿರಿ. ನಾವು ನೋಡಲಿಲ್ಲ. ಗೌರವ ಕೊಟ್ಟಿದ್ದಕ್ಕೆ ಅವರು ಬಿಟ್ಟು ಹೋಗುವುದೇ?”

“ನನ್ನ ಪಾಠವನ್ನು ನನಗೇ ಒಪ್ಪಿಸುತ್ತಿದ್ದೀಯಲ್ಲ” ಎಂದರು ಗುರುಗಳು. ಅರ್ಧ ಸೊಪ್ಪನ್ನು ಅವನ ಮುಂದೆ ಸರಿಸಿದರು. “ಕುಳಿತುಕೋ. ಸೊಪ್ಪು ಬಿಡಿಸುತ್ತಾ ಕೇಳು. ನಿಜವೋ ಸುಳ್ಳೋ ಎಂದು ಮಾತ್ರ ಕೇಳಬೇಡ.”

ಆಮೇಲೆ ಅವರು ಕತೆ ಹೇಳತೊಡಗಿದರು.

ಒಂದು ಸಂಸ್ಥಾನವಿತ್ತು. ಅಲ್ಲಿಯ ರಾಜನಿಗೆ ವಾದ್ಯವೃಂದದ ಹುಚ್ಚು. ರಾಜರಿಗೆ ಒಂದಲ್ಲ ಒಂದು ಹುಚ್ಚು ಇದ್ದೇ ಇರುತ್ತದೆ. ಯುದ್ಧದ ಹುಚ್ಚಿಗಿಂತ ಇದು ವಾಸಿ ಎಂದು ಪ್ರಜೆಗಳು ಸುಮ್ಮನಿದ್ದರು. ಅರಮನೆಯಲ್ಲಿ ನಲವತ್ತು ಜನ ವಾದ್ಯಗಾರರಿದ್ದರು. ಮುಂದಿನ ಸಾಲುಗಳಲ್ಲಿ ಪಿಟೀಲಿನವರು, ನಡುವೆ ಕೊಳಲು, ಕ್ಲಾರಿನೆಟ್ಟು, ಕೊಂಬಿನವರು, ಎಲ್ಲರಿಗಿಂತ ಹಿಂದೆ ನಗಾರಿ.

ಈ ನಲವತ್ತು ಜನರ ಎದುರಿಗೆ ಒಬ್ಬ ನಿಲ್ಲುತ್ತಿದ್ದ. ಅವನ ಕೈಯಲ್ಲಿ ಒಂದು ಸಣ್ಣ ಕೋಲು. ಬೆನ್ನು ಸಭೆಗೆ, ಮುಖ ವಾದ್ಯಗಾರರಿಗೆ. ಅವನು ಏನನ್ನೂ ನುಡಿಸುತ್ತಿರಲಿಲ್ಲ. ಅರಮನೆಯವರು ಅವನನ್ನು ಕೋಲಿನ ಮೇಷ್ಟ್ರು ಎಂದು ಕರೆಯುತ್ತಿದ್ದರು. ನಲವತ್ತು ಜನ ಬೆವರು ಸುರಿಸಿ ನುಡಿಸುವಾಗ ಇವನೊಬ್ಬ ಗಾಳಿಯಲ್ಲಿ ನೊಣ ಓಡಿಸುತ್ತಾನೆ ಎಂದು ಅಡುಗೆಯವರು ನಗುತ್ತಿದ್ದರು. ಅವನು ಇಲ್ಲದ ದಿನ ನಲವತ್ತು ಜನ ನಲವತ್ತು ದಾರಿ ಹಿಡಿಯುತ್ತಾರೆ ಎಂಬುದು ಅಡುಗೆಯವರಿಗೆ ಗೊತ್ತಿರಲಿಲ್ಲ.

ಆಗಿನ ಮೇಷ್ಟ್ರು ಸಮುದ್ರದಾಚೆಯಿಂದ ಬಂದವರು. ಮುದುಕರು, ಒಳ್ಳೆಯವರು. ಅವರಿಗೊಬ್ಬ ನಕಲುಗಾರನಿದ್ದ. ನಕಲುಗಾರನ ಕೆಲಸ ಏನೆಂದರೆ, ಇಡೀ ಕೃತಿ ಒಂದು ದೊಡ್ಡ ಪುಸ್ತಕದಲ್ಲಿರುತ್ತದೆ. ಪ್ರತಿ ಪುಟದಲ್ಲೂ ಎಲ್ಲ ವಾದ್ಯಗಳ ಸಾಲುಗಳು ಒಂದರ ಕೆಳಗೊಂದು ಇರುತ್ತವೆ. ಅದರಿಂದ ಒಬ್ಬೊಬ್ಬರ ಸಾಲನ್ನು ಬೇರೆ ಮಾಡಿ ಅವರವರ ಹಾಳೆಗೆ ಬರೆದುಕೊಡಬೇಕು. ಕೊಳಲಿನವನ ಹಾಳೆಯಲ್ಲಿ ಕೊಳಲು ಮಾತ್ರ. ಕೊಂಬಿನವನ ಹಾಳೆಯಲ್ಲಿ ಕೊಂಬು ಮಾತ್ರ. ಉಳಿದವರು ಏನು ನುಡಿಸುತ್ತಾರೆಂದು ಯಾರ ಹಾಳೆಯೂ ಹೇಳುವುದಿಲ್ಲ. ಒಬ್ಬನಿಗೆ ನುಡಿಸಲು ಏನೂ ಇಲ್ಲದಿದ್ದರೆ, ಹನ್ನೆರಡು ಆವರ್ತ ಸುಮ್ಮನಿರು, ಇಪ್ಪತ್ತು ಆವರ್ತ ಸುಮ್ಮನಿರು ಎಂದು ಬರೆದಿರುತ್ತದೆ. ಅವನು ಬೆರಳು ಮಡಚಿ ಎಣಿಸುತ್ತಾ ಕೂರಬೇಕು. ಎಣಿಕೆ ತಪ್ಪಿದರೆ ತಲೆಯೆತ್ತಿ ಕೋಲಿನ ಮೇಷ್ಟ್ರನ್ನು ನೋಡಬೇಕು. ಬೇರೆ ದಾರಿ ಇಲ್ಲ.

ಆ ನಕಲುಗಾರನಿಗೆ ಕಣ್ಣು ಮಂಜಾಯಿತು. ಕೆಲಸ ಹೋದೀತೆಂಬ ಹೆದರಿಕೆಯಿಂದ ಅವನು ಯಾರಿಗೂ ಹೇಳಲಿಲ್ಲ. ಹಾಳೆಗಳನ್ನು ಮನೆಗೆ ತಂದು ಒಂಬತ್ತು ವರ್ಷದ ಮಗಳ ಕೈಯಲ್ಲಿ ಬರೆಸಿದ. ಅವಳ ಹೆಸರು ಸುಭದ್ರೆ ಎಂದಿಟ್ಟುಕೋ. ಅರಮನೆಯ ಕಡತಗಳಲ್ಲಿ ಕೊನೆಯವರೆಗೂ ‘ನಕಲುಗಾರನ ಮಗಳು’ ಎಂದೇ ಇತ್ತಂತೆ. ನಾವಾದರೂ ಹೆಸರಿಟ್ಟು ಕರೆಯೋಣ.

ವಾದ್ಯಗಾರರ ಮಕ್ಕಳು ಯಾವುದಾದರೂ ಒಂದು ವಾದ್ಯ ನುಡಿಸಲು ಕಲಿತರು. ಸುಭದ್ರೆ ಯಾವುದನ್ನೂ ಕಲಿಯಲಿಲ್ಲ. ಬರೆದೂ ಬರೆದೂ ನಲವತ್ತು ಜನರ ಸಾಲುಗಳೂ ಅವಳಿಗೆ ಬಾಯಿಪಾಠವಾದವು. ಯಾರು ಯಾವಾಗ ಸುಮ್ಮನಿರುತ್ತಾರೆ, ಅವರು ಸುಮ್ಮನಿದ್ದಾಗ ಯಾರು ಮಾತಾಡುತ್ತಾರೆ, ಇದೆಲ್ಲ ಅವಳಿಗೆ ಗೊತ್ತಿತ್ತು. ಹಾಳೆಯಲ್ಲಿ ತಪ್ಪಿದ್ದರೆ ತಿದ್ದಲೆಂದು ತಂದೆ ಅವಳನ್ನು ಅಭ್ಯಾಸದ ಕೋಣೆಗೆ ಕರೆದೊಯ್ಯುತ್ತಿದ್ದ. ಅವಳು ಗೋಡೆಗೆ ಒರಗಿ ನಿಂತಿರುತ್ತಿದ್ದಳು.

ಒಂದು ದಿನ ಮೇಷ್ಟ್ರು ಅವಳ ಬೆರಳನ್ನು ನೋಡಿದರು. ಸಂಗೀತ ಕೇಳುವವರೆಲ್ಲ ತೊಡೆಯ ಮೇಲೆ ತಾಳ ಹಾಕುತ್ತಾರೆ. ಅವರ ಬೆರಳು ನಾದದ ಹಿಂದೆ ಹೋಗುತ್ತದೆ. ಈ ಹುಡುಗಿಯ ಬೆರಳು ನಾದಕ್ಕಿಂತ ಒಂದು ಕ್ಷಣ ಮೊದಲೇ ಏಳುತ್ತಿತ್ತು. ಕೊಂಬಿನವನು ಊದುವ ಮುಂಚೆಯೇ ಅವಳ ಬೆರಳು ಕೊಂಬಿನ ಕಡೆ ತಿರುಗುತ್ತಿತ್ತು. ಮೇಷ್ಟ್ರು ಮಾರನೆಯ ದಿನದಿಂದಲೇ ಅವಳಿಗೆ ಪಾಠ ಶುರು ಮಾಡಿದರು.

ಎಂಟು ವರ್ಷ ಕಲಿಸಿದರು. ಅವರು ಕಲಿಸಿದ್ದರಲ್ಲಿ ಮುಖ್ಯವಾದದ್ದು ಒಂದೇ. “ಕೈ ಹೇಳುವುದು ಅರ್ಧ. ಉಳಿದ ಅರ್ಧವನ್ನು ಉಸಿರು ಹೇಳಬೇಕು. ನೀನು ಉಸಿರು ಎಳೆದುಕೊಂಡರೆ ಅವರೂ ಎಳೆದುಕೊಳ್ಳುತ್ತಾರೆ. ಆಮೇಲೆ ನಾದ ತಾನಾಗಿ ಬರುತ್ತದೆ.”

ಮೇಷ್ಟ್ರು ತಾವೇ ಬರೆದ ಒಂದು ಕೃತಿ ಇತ್ತು. ಬಹಳ ನಿಧಾನದ ಕೃತಿ. ಶುರುವಿಗೆ ನಗಾರಿಯ ಪೆಟ್ಟಿಲ್ಲ, ಮುನ್ನುಡಿ ಇಲ್ಲ. ಏನೂ ಇಲ್ಲದ ಕಡೆಯಿಂದ ಎಲ್ಲರೂ ಒಟ್ಟಿಗೆ, ಕೇಳಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಎತ್ತಿಕೊಳ್ಳಬೇಕು. ಸುಭದ್ರೆ ಅದರ ಹಾಳೆಗಳನ್ನು ಹನ್ನೊಂದನೆಯ ವಯಸ್ಸಿನಲ್ಲೇ ಬರೆದಿದ್ದಳು. ಮೇಷ್ಟ್ರು ಅದನ್ನು ಒಮ್ಮೆಯೂ ನುಡಿಸಿರಲಿಲ್ಲ. ಯಾಕೆಂದು ಕೇಳಿದರೆ, ಇವರು ಇನ್ನೂ ಒಟ್ಟಿಗೆ ಉಸಿರಾಡಲು ಕಲಿತಿಲ್ಲ, ನೀನು ಕಲಿಸಿ ನುಡಿಸು ಎನ್ನುತ್ತಿದ್ದರು.

ಮುಪ್ಪು ಬಂತು. ಮೇಷ್ಟ್ರು ತಮ್ಮ ದೇಶಕ್ಕೆ ಹಿಂದಿರುಗಿದರು. ಹೋಗುವಾಗ ರಾಜನಿಗೆ, ನನ್ನ ಜಾಗದಲ್ಲಿ ನಿಲ್ಲಲು ಸುಭದ್ರೆಯೊಬ್ಬಳೇ ತಕ್ಕವಳು ಎಂದು ಹೇಳಿ ಹೋದರು. ರಾಜನ ಪಟ್ಟದ ಬೆಳ್ಳಿಹಬ್ಬ ಹತ್ತು ದಿನದಲ್ಲಿತ್ತು. ಬೇರೆ ಯಾರೂ ಸಿಗುವಂತಿರಲಿಲ್ಲ. ರಾಜ ಹಬ್ಬದ ಗಡಿಬಿಡಿಯಲ್ಲಿ ಹೆಸರನ್ನೂ ಕಿವಿಗೆ ಹಾಕಿಕೊಳ್ಳದೆ ಹೂಂ ಎಂದ.

ಸುಭದ್ರೆಗೆ ಆಗ ಇಪ್ಪತ್ತೆರಡು ವರ್ಷ. ಮೊದಲ ದಿನ ಅಭ್ಯಾಸದ ಕೋಣೆಗೆ ಬಂದು ಎದುರಿಗೆ ನಿಂತಳು. ಕೋಲು ಎತ್ತಿದಳು. ನಲವತ್ತು ಜನರೂ ಒಟ್ಟಿಗೆ ತಲೆ ತಗ್ಗಿಸಿದರು.

ಗುರುಶಾಂತ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ. “ಅವಳ ಕೈಕೆಳಗೆ ನುಡಿಸಲು ಅವರಿಗೆ ಇಷ್ಟವಿರಲಿಲ್ಲವೇ?”

“ಹಾಗಿದ್ದಿದ್ದರೆ ಕತೆ ಸುಲಭವಾಗುತ್ತಿತ್ತು” ಎಂದರು ಗುರುಗಳು. “ಅವರಲ್ಲಿ ಒಬ್ಬರೂ ಕೆಟ್ಟವರಲ್ಲ. ನಿನ್ನಷ್ಟೇ ಒಳ್ಳೆಯವರು.”

ಅವರಲ್ಲಿ ಅರ್ಧ ಜನ ಅವಳ ತಂದೆಯ ಸ್ನೇಹಿತರು. ಅವಳ ಮನೆಯಲ್ಲಿ ಉಂಡವರು. ಅವಳನ್ನು ಎತ್ತಿ ಆಡಿಸಿದವರು. ಮುಂದಿನ ಸಾಲಿನ ಮೊದಲ ಪಿಟೀಲಿನವನನ್ನು ಅವಳು ಚಿಕ್ಕಪ್ಪ ಎಂದು ಕರೆಯುತ್ತಿದ್ದಳು. ಬೆಳೆದ ಹೆಣ್ಣುಮಗಳ ಮುಖವನ್ನು ಗಂಟೆಗಟ್ಟಲೆ ದಿಟ್ಟಿಸುವಷ್ಟು ಸಂಸ್ಕಾರಗೆಟ್ಟವರಲ್ಲ ನಾವು ಎಂದು ಆ ಚಿಕ್ಕಪ್ಪನೇ ಉಳಿದವರಿಗೆ ಹೇಳಿದ್ದ. ಎಲ್ಲರೂ ಒಪ್ಪಿದ್ದರು. ಅದೇ ಅರಮನೆಯಲ್ಲಿ ನರ್ತಕಿಯರು ಕುಣಿಯುವಾಗ ಇದೇ ನಲವತ್ತು ಜನ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು ಎನ್ನುವುದು ಬೇರೆ ಮಾತು. ಮನೆಯ ಮಗಳಿಗೆ ಒಂದು ಕಣ್ಣು, ಊರಿನ ಮಗಳಿಗೆ ಇನ್ನೊಂದು ಕಣ್ಣು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರನ್ನು ನೋಡದೆ ನುಡಿಸುವುದು ಹೇಗೆ? ಅದಕ್ಕೂ ಚಿಕ್ಕಪ್ಪ ಒಂದು ದಾರಿ ಹುಡುಕಿದ್ದ. ಅವನು ಬಲಗಾಲಿನ ಹೆಬ್ಬೆರಳಿನಿಂದ ತಾಳ ಹಾಕುವುದು, ಉಳಿದವರು ಅದನ್ನು ನೋಡಿ ನುಡಿಸುವುದು. ಮುಂದಿನ ಸಾಲಿಗೆ ಹೆಬ್ಬೆರಳು ಕಂಡಿತು. ನಡುಸಾಲಿನವರು ಮುಂದಿನವರ ಭುಜ ನೋಡಿದರು. ಹಿಂದಿನವರು ನಡುಸಾಲಿನವರ ಕತ್ತು ನೋಡಿದರು. ಪಿಟೀಲು ಮುಗಿಸಿದ ಮೇಲೆ ಕೊಳಲು ಮುಗಿಸಿತು. ಕೊಳಲು ಮುಗಿಸಿದ ಮೇಲೆ ಕೊಂಬು ಮುಗಿಸಿತು. ಎಲ್ಲರೂ ವಾದ್ಯ ಕೆಳಗಿಟ್ಟ ಮೇಲೆ ನಗಾರಿ ಒಮ್ಮೆ ಢಂ ಎಂದಿತು.

“ದಯವಿಟ್ಟು ನನ್ನ ಕಡೆ ನೋಡಿ” ಎಂದಳು ಸುಭದ್ರೆ. ಅವರು ತಲೆಯನ್ನು ಇನ್ನೂ ತಗ್ಗಿಸಿದರು.

ಐದು ದಿನ ಹೀಗೆಯೇ ಕಳೆಯಿತು. ಅರಮನೆಯ ಕಾರುಬಾರಿಗೆ ಸುದ್ದಿ ಹೋಯಿತು. ಕಾರುಬಾರಿ ಬುದ್ಧಿವಂತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವನು. ವಾದ್ಯಗಾರರ ಎದುರಿಗೆ, ಅವಳು ನಿಲ್ಲುವ ಜಾಗದ ಸುತ್ತ, ಒಂದು ಪರದೆ ಕಟ್ಟಿಸಿದ. ಪರದೆಯಲ್ಲಿ ಒಂದು ಸೀಳು. ಆ ಸೀಳಿನಿಂದ ಸುಭದ್ರೆಯ ಬಲಗೈ ಮಾತ್ರ ಹೊರಗೆ ಬರಬೇಕು. ಕೈಗೆ ಮುಂಗೈವರೆಗೆ ತೋಳಿರುವ ರವಿಕೆ. ಅವಳಿಗೆ ಹೊರಗಿನದು ಕಾಣಲೆಂದು ಕಣ್ಣಿನ ಎತ್ತರದಲ್ಲಿ ಒಂದು ತುಂಡು ತೆಳುಬಟ್ಟೆ. ಕೈಯನ್ನು ನೋಡಿದರೆ ಯಾರಿಗೂ ಪಾಪವಿಲ್ಲ. ಕೈಗೆ ಮುಖವಿಲ್ಲವಲ್ಲ.

ಎಲ್ಲರಿಗೂ ಸಮಾಧಾನವಾಯಿತು. ಸುಭದ್ರೆಯೂ ಒಪ್ಪಿದಳು. ಹಬ್ಬಕ್ಕೆ ಐದೇ ದಿನ ಉಳಿದಿತ್ತು. ಈಗ ಹೇಗಾದರೂ ಆಗಲಿ, ಮುಂದೆ ತೆಗೆಸಿದರಾಯಿತು ಎಂದುಕೊಂಡಳು.

ಬೆಳ್ಳಿಹಬ್ಬ ಚೆನ್ನಾಗಿ ನಡೆಯಿತು. ಜನ ಮೆಚ್ಚಿದರು. ಪರದೆಯ ಹಿಂದೆ ಯಾರಿದ್ದಾರೆಂದು ಯಾರೂ ಹೇಳಲಿಲ್ಲ. ಹಳೆಯ ಮೇಷ್ಟ್ರೇ ಇರಬೇಕು, ವಯಸ್ಸಾಯಿತು, ಗಾಳಿ ತಾಗಬಾರದೆಂದು ಮರೆ ಕಟ್ಟಿದ್ದಾರೆ ಎಂದು ಜನ ಮಾತಾಡಿಕೊಂಡರು.

ಮುಂದೆ ತೆಗೆಸಿದರಾಯಿತು ಎಂದದ್ದು ಹನ್ನೊಂದು ವರ್ಷವಾಯಿತು. ಹೊಸದಾಗಿ ಸೇರಿದ ವಾದ್ಯಗಾರರು, ವಾದ್ಯವೃಂದ ಎಂದರೆ ಪರದೆಯೂ ಇರುತ್ತದೆ ಎಂದೇ ತಿಳಿದರು. ಪಕ್ಕದ ಸಂಸ್ಥಾನದ ರಾಜನೊಬ್ಬ ಅತಿಥಿಯಾಗಿ ಬಂದು ಕೇಳಿ ಬೆರಗಾದ. ಇಲ್ಲಿಯ ನಾದದ ಗುಟ್ಟು ಪರದೆಯಲ್ಲೇ ಇದೆ ಎಂದುಕೊಂಡು ಊರಿಗೆ ಹೋಗಿ ತನ್ನ ಮೀಸೆ ಹೊತ್ತ ಮೇಷ್ಟ್ರಿಗೂ ಒಂದು ಪರದೆ ಕಟ್ಟಿಸಿದ. ರೂಢಿ ಹುಟ್ಟುವುದು ಹೀಗೆಯೇ ಮಗೂ. ಯಾರೋ ಐದು ದಿನಕ್ಕೆಂದು ಮಾಡಿದ್ದನ್ನು ಇನ್ಯಾರೋ ಶಾಸ್ತ್ರ ಎನ್ನುತ್ತಾರೆ.

ಗುರುಶಾಂತ ನಕ್ಕ. ಗುರುಗಳು ನಗಲಿಲ್ಲ.

ನಗುವಂಥದ್ದೇ. ಆದರೆ ಪರದೆಯ ಒಳಗಿದ್ದವಳಿಗೆ ನಗು ಬರುತ್ತಿರಲಿಲ್ಲ. ಅವಳ ಮುಖ ಹೇಳಬೇಕಾದದ್ದು ಬಟ್ಟೆಗೆ ಬಡಿದು ಅಲ್ಲೇ ಉಳಿಯುತ್ತಿತ್ತು. ಅವಳು ಉಸಿರು ಎಳೆದುಕೊಂಡದ್ದು ಯಾರಿಗೂ ಕಾಣುತ್ತಿರಲಿಲ್ಲ. ಆದ್ದರಿಂದ ಜೋರಾಗಿ ಶುರುವಾಗುವ ಕೃತಿಗಳನ್ನೇ ಆರಿಸುತ್ತಿದ್ದಳು. ನಗಾರಿ ಬಡಿದು ಹೊರಡುವಂಥವು, ಕಣ್ಣು ಮುಚ್ಚಿಕೊಂಡರೂ ದಾರಿ ತಪ್ಪದಂಥವು. ಜನ ಚಪ್ಪಾಳೆ ತಟ್ಟುತ್ತಿದ್ದರು. ಮೇಷ್ಟ್ರ ಆ ನಿಧಾನದ ಕೃತಿಯನ್ನು ಅಭ್ಯಾಸದಲ್ಲಿ ನಾಲ್ಕಾರು ಸಲ ಎತ್ತಿಕೊಂಡಳು. ಪ್ರತಿ ಸಲವೂ ಮೊದಲ ಸ್ವರದಲ್ಲೇ ಅದು ಹರಿದುಹೋಯಿತು. ನಾಲ್ವರು ಮೊದಲೇ ಬಂದರು, ಹತ್ತು ಮಂದಿ ತಡವಾಗಿ ಬಂದರು. ಈ ಕೃತಿಯೇ ಸರಿಯಿಲ್ಲ ಎಂದ ಚಿಕ್ಕಪ್ಪ. ಅವಳು ಹಾಳೆಗಳನ್ನು ಮಡಿಸಿಟ್ಟಳು.

ಹನ್ನೊಂದನೆಯ ವರ್ಷ ಒಂದು ಕಾಗದ ಬಂತು. ಮೇಷ್ಟ್ರು ತಮ್ಮ ಊರಿನಲ್ಲಿ ತೀರಿಕೊಂಡಿದ್ದರು. ಅವರ ನೆನಪಿಗೆ ಒಂದು ಕಚೇರಿ ನಡೆಯಲಿ ಎಂದು ರಾಜ ಅಪ್ಪಣೆ ಮಾಡಿದ. ಸುಭದ್ರೆ ಎರಡು ದಿನ ಅತ್ತಳು. ಮೂರನೆಯ ದಿನ ಆ ಹಾಳೆಗಳನ್ನು ತೆಗೆದು ಹಂಚಿದಳು. ಗುರುವಿನ ಹೆಸರಿನಲ್ಲಿ ಗುರುವಿನ ಕೃತಿಯನ್ನು ಒಮ್ಮೆಯಾದರೂ ನುಡಿಸಬೇಕು. ಇದೊಂದೇ ಅವಳ ಆಸೆ.

ಅಭ್ಯಾಸ ಎಂದಿನಂತೆಯೇ ನಡೆಯಿತು. ಮೊದಲ ಸ್ವರದಲ್ಲೇ ಹರಿಯಿತು. ಹತ್ತು ಸಲ ಹರಿಯಿತು. ಹರಿದದ್ದನ್ನೇ ಪ್ರತಿ ಸಲ ಕೊನೆಯವರೆಗೆ ಎಳೆದರು.

ಅವರಲ್ಲಿ ಎಲ್ಲರಿಗಿಂತ ಹಿರಿಯ ನಗಾರಿಯವನು. ಎಲ್ಲರೂ ಅವನನ್ನು ನಗಾರಿ ತಾತ ಎನ್ನುತ್ತಿದ್ದರು. ಈ ಕೃತಿಯಲ್ಲಿ ಅವನಿಗೆ ಕೆಲಸವೇ ಇಲ್ಲ. ತೊಂಬತ್ತಾರು ಆವರ್ತ ಸುಮ್ಮನಿದ್ದು ಕೊನೆಯಲ್ಲಿ ಒಂದೇ ಒಂದು ಪೆಟ್ಟು, ಅದೂ ಮೆಲ್ಲಗೆ. ಆ ಒಂದು ಪೆಟ್ಟನ್ನೂ ಅವನು ಪ್ರತಿ ಸಲ ತಪ್ಪಿಸಿದ. ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಅವನು ಪರದೆಯ ಹತ್ತಿರ ಬಂದು ನಿಂತ.

“ಅವ್ವಾ, ನಂಗೆ ಕಿವಿ ಹೋಗಿ ಎರಡು ವರ್ಸ ಆಯ್ತು. ಯಾರ್ಗೂ ಏಳಿಲ್ಲ. ಕಣ್ಣಾಗೇ ನುಡಿಸ್ತಾ ಇವ್ನಿ. ನಿನ್ ಕೋಲು ಕಾಣ್ತದೆ, ಉಸಿರು ಕಾಣಾಕಿಲ್ಲ. ವಸಿ ಈಚೆಗೆ ಬಂದು ನಿಂತ್ಕೋ.”

“ಬಂದರೆ ನೀವು ನೋಡುತ್ತೀರಾ ತಾತ?” ಎಂದು ಸುಭದ್ರೆ ಕೂಗಿ ಕೇಳಿದಳು. ಅವನಿಗೆ ಕೇಳಿಸಲಿಲ್ಲ. ಅವಳು ಪರದೆ ಸರಿಸಿ ಹೊರಗೆ ಬಂದು, ಅವನಿಗೆ ತನ್ನ ತುಟಿ ಕಾಣುವಂತೆ ನಿಂತು ಮತ್ತೆ ಕೇಳಿದಳು.

“ನೋಡ್ದೆ ನುಡ್ಸಾಕೆ ನಂಗೆ ಬರಾಕಿಲ್ಲ ಕಣವ್ವ” ಎಂದ ತಾತ.

ಹನ್ನೊಂದು ವರ್ಷದಲ್ಲಿ ಒಬ್ಬ ವಾದ್ಯಗಾರ ಅವಳ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ಅವಳು ಅಲ್ಲಿಂದ ನೇರವಾಗಿ ಕಾರುಬಾರಿಯ ಬಳಿಗೆ ಹೋದಳು. ಈ ಒಂದು ಕೃತಿಗೆ, ಈ ಒಂದು ದಿನಕ್ಕೆ ಪರದೆ ತೆಗೆಸಿ ಎಂದು ಕೇಳಿದಳು. ಉಸಿರು ಕಾಣದೆ ಅದನ್ನು ನುಡಿಸಲಾಗದು ಎಂದಳು.

“ಹನ್ನೊಂದು ವರ್ಷ ಇಲ್ಲದ ಉಸಿರು ಈಗೆಲ್ಲಿಂದ ಬಂತಮ್ಮ?” ಎಂದ ಕಾರುಬಾರಿ. “ಪರದೆ ಬಿಟ್ಟು ಈಚೆಗೆ ಬಂದರೆ ಮಾರನೆಯ ದಿನದಿಂದ ಕೆಲಸಕ್ಕೆ ಬರಬೇಕಾಗಿಲ್ಲ.”

ಕಚೇರಿಯ ದಿನ ಬಂತು. ಸಭೆ ತುಂಬಿತ್ತು. ರಾಜ ಮುಂದೆ ಕುಳಿತಿದ್ದ. ನಲವತ್ತು ಜನ ವಾದ್ಯ ಹಿಡಿದು, ಸೀಳಿನಿಂದ ಕೈ ಬರುವುದನ್ನು ಕಾಯುತ್ತಿದ್ದರು. ಕೈ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪರದೆಯ ಪಕ್ಕದಿಂದ ಸುಭದ್ರೆಯೇ ನಡೆದು ಬಂದಳು. ಪರದೆಯ ಮುಂದೆ, ನಲವತ್ತು ಜನರ ಎದುರಿಗೆ ನಿಂತಳು. ಸಭೆಯಲ್ಲಿ ಗುಜುಗುಜು ಎದ್ದು ತಾನಾಗಿ ಅಡಗಿತು.

ಅವಳು ಕೋಲು ಎತ್ತಿದಳು. ಮೂವತ್ತೊಂಬತ್ತು ತಲೆಗಳು ಕೆಳಗಾದವು.

ನಗಾರಿ ತಾತನೊಬ್ಬನೇ ನೋಡುತ್ತಿದ್ದ. ಅವನಿಗೆ ನುಡಿಸಲು ಏನೂ ಇರಲಿಲ್ಲ.

ಅವಳು ಕೋಲನ್ನು ಇಳಿಸಲೂ ಇಲ್ಲ, ಆಡಿಸಲೂ ಇಲ್ಲ. ಸುಮ್ಮನೆ ಕಾದಳು. ಕೆಲಸ ಹೋಯಿತೆಂಬುದು ಅವಳಿಗೆ ಗೊತ್ತಿತ್ತು. ಕೃತಿಯೂ ಹೋಗುವುದೋ ಏನೋ ಎಂಬುದು ಗೊತ್ತಿರಲಿಲ್ಲ. ರಾಜ ಒಮ್ಮೆ ಕೆಮ್ಮಿದ. ಕಾರುಬಾರಿ ಎದ್ದು ನಿಂತ. ಅವಳ ಕೋಲು ಇನ್ನೂ ಮೇಲೆಯೇ ಇತ್ತು.

ಕಿವುಡರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ತಾತ ಪಕ್ಕದವನ ಹತ್ತಿರ ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡೇ ಕೇಳಿದ: “ಲೋ, ಎಲ್ರೂ ನೆಲ ನೋಡ್ತಾ ಇದ್ದೀರಲ್ಲ, ಅಲ್ಲೇನ್ ಬರ್ದದೆ? ನಂಗೂ ವಸಿ ಏಳ್ರಿ.”

ಇಡೀ ಸಭೆಗೆ ಕೇಳಿಸಿತು. ಹಿಂದೆ ಯಾರೋ ನಕ್ಕರು. ಆಮೇಲೆ ಸಭೆಯೇ ನಕ್ಕಿತು. ಚಿಕ್ಕಪ್ಪನಿಗೆ ಅವಮಾನವಾಯಿತು. ತಾತನನ್ನು ಗದರಲೆಂದು ತಲೆಯೆತ್ತಿದ. ಹಿಂದೆ ತಿರುಗುವ ಮೊದಲು ಅವನ ಕಣ್ಣಿಗೆ ಸುಭದ್ರೆಯ ಮುಖ ಬಿತ್ತು.

ಅವಳು ಅಳುತ್ತಿರಲಿಲ್ಲ, ಬೇಡುತ್ತಲೂ ಇರಲಿಲ್ಲ. ಕೆಲಸದಲ್ಲಿದ್ದಳು. ಎಲ್ಲವೂ ಸಿದ್ಧವಾಗಿದೆ, ನೀವೊಬ್ಬರು ಬರಬೇಕು ಎನ್ನುವ ಮುಖ. ಚಿಕ್ಕಪ್ಪ ಹಿಂದೆ ತಿರುಗಲಿಲ್ಲ. ಅವನು ತಲೆಯೆತ್ತಿದ್ದನ್ನು ಕಂಡು ಪಕ್ಕದವನೂ ಎತ್ತಿದ. ಮುಂದಿನ ಸಾಲು ಎತ್ತಿತು. ನಡುಸಾಲು ಎತ್ತಿತು. ನಗು ನಿಂತಿತು.

ಆಗ ಅವಳು ಉಸಿರು ಎಳೆದುಕೊಂಡಳು.

ತನ್ನ ಕಮಾನು ಯಾವಾಗ ತಂತಿಯ ಮೇಲೆ ಬಂತು ಎಂಬುದು ತನಗೇ ತಿಳಿಯಲಿಲ್ಲ ಎಂದು ಚಿಕ್ಕಪ್ಪ ಆಮೇಲೆ ಹೇಳುತ್ತಿದ್ದನಂತೆ. ನಾದ ಶುರುವಾದದ್ದನ್ನು ಯಾರೂ ಕೇಳಲಿಲ್ಲ. ನಾದ ಇದೆ ಎಂಬುದು ಗೊತ್ತಾಗುವ ಹೊತ್ತಿಗೆ ಅದು ಶುರುವಾಗಿತ್ತು. ಹದಿನೈದು ನಿಮಿಷ ಯಾರೂ ಮಿಸುಕಲಿಲ್ಲ. ತೊಂಬತ್ತಾರು ಆವರ್ತ ಮುಗಿದವು. ಅವಳು ಕಡೆಯ ಸಾಲಿನ ಕಡೆ ತಿರುಗಿ ಸ್ವಲ್ಪವೇ ತಲೆಯಾಡಿಸಿದಳು. ತಾತ ಮೆಲ್ಲಗೆ ಒಂದು ಪೆಟ್ಟು ಕೊಟ್ಟ. ಅದು ಬೀಳಬೇಕಾದಲ್ಲೇ ಬಿತ್ತು.

ರಾಜ ಕಾರುಬಾರಿಯನ್ನು ಕರೆದು ಕೇಳಿದ. “ಈ ಹೆಣ್ಣುಮಗಳು ಯಾರು?”

“ನಕಲುಗಾರನ ಮಗಳು, ಮಹಾಸ್ವಾಮಿ.”

“ಎಂದಿನಿಂದ ಇದ್ದಾಳೆ?”

“ಹನ್ನೊಂದು ವರ್ಷದಿಂದ.”

ರಾಜ ಎದ್ದು ಒಳಗೆ ಹೋದ. ಹನ್ನೊಂದು ವರ್ಷ ಬಟ್ಟೆಯನ್ನು ನೋಡಿ ಚಪ್ಪಾಳೆ ತಟ್ಟಿದೆ ಎಂದು ಒಪ್ಪಿಕೊಳ್ಳುವುದು ರಾಜರಿಗೆ ಸುಲಭವಲ್ಲ. ಒಪ್ಪಿಕೊಂಡಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ಉಳಿಯಲಿಲ್ಲ. ಮಾರನೆಯ ದಿನ ಕಾರುಬಾರಿ ಪರದೆಯನ್ನು ಒಗೆಸಿ, ಇಸ್ತ್ರಿ ಹಾಕಿಸಿ ಮತ್ತೆ ಕಟ್ಟಿಸಿದ. ಅದರ ಹಿಂದೆ ನಿಲ್ಲಲು ಯಾರೂ ಸಿಗಲಿಲ್ಲ ಎನ್ನುವುದು ಅವನಿಗೆ ಬಹಳ ದಿನದ ಮೇಲೆ ಹೊಳೆಯಿತು.

ಅವಳು ಊರು ಬಿಡುವಾಗ ಚಿಕ್ಕಪ್ಪ ಬಂದ. ಬಾಗಿಲಲ್ಲೇ ನಿಂತ. “ಮಗೂ, ಇಷ್ಟು ವರ್ಷ ನಿನಗೆ ಮರ್ಯಾದೆ ಕೊಡ್ತಿದ್ದೀನಿ ಅಂತಲೇ ತಿಳಿದಿದ್ದೆ” ಎಂದ.

“ಕೊಟ್ಟಿರಿ ಚಿಕ್ಕಪ್ಪ. ಇಲ್ಲ ಅನ್ನೋದಿಲ್ಲ” ಎಂದಳು ಸುಭದ್ರೆ. “ಆದರೆ ಅದರಿಂದ ಕೆಲಸ ಆಗಲಿಲ್ಲ.”

ಮುಂದೆ ಅವಳು ಏಳು ಊರುಗಳಲ್ಲಿ ವಾದ್ಯವೃಂದ ನಡೆಸಿದಳು. ಬಂದರಿನ ಊರೊಂದರಲ್ಲಿ ಹತ್ತು ವರ್ಷ, ಗಿರಣಿಯ ಊರೊಂದರಲ್ಲಿ ಆರು ವರ್ಷ. ಕೆಲವು ಕಡೆ ತಲೆ ತಗ್ಗಿಸಿದರು. ಕೆಲವು ಕಡೆ ಬೇಕೆಂದೇ ಮುಖ ತಿರುಗಿಸಿದರು. ಒಂದು ಕಡೆ ಅವಳ ಸೀರೆಯನ್ನು ನೋಡಿದರು, ಕೋಲನ್ನು ನೋಡಲಿಲ್ಲ. ಕೋಲು ಎತ್ತಿ ಕಾಯುವುದು ಅವಳಿಗೆ ರೂಢಿಯಾಯಿತು. ಒಂದೆರಡು ಊರುಗಳಲ್ಲಿ ಕಾದದ್ದಷ್ಟೇ ಬಂತು, ಕೆಲಸ ಆಗಲಿಲ್ಲ. ಅಲ್ಲಿಂದ ಎದ್ದು ಬಂದಳು. ಅವಳ ಹತ್ತಿರ ಕಲಿತ ಹೆಣ್ಣುಮಕ್ಕಳಲ್ಲಿ ಮೂವರು ಮುಂದೆ ತಾವೇ ಕೋಲು ಹಿಡಿದರು. ಅವರು ಯಾರೂ ಪರದೆಯನ್ನು ಕಂಡವರಲ್ಲ. ಅವಳೂ ಅವರಿಗೆ ಅದರ ಮಾತು ಎತ್ತಲಿಲ್ಲವಂತೆ.

ಕಾರುಬಾರಿ ಹೋದ, ರಾಜನೂ ಹೋದ. ಅವಳಿಗೆ ಅರವತ್ತು ದಾಟಿದ ಮೇಲೆ ಅದೇ ಅರಮನೆಯಿಂದ ಕರೆ ಬಂತು. ಹೊಸ ತಲೆಮಾರಿನ ನಲವತ್ತು ವಾದ್ಯಗಾರರು ಎದ್ದು ನಿಂತರು. ಸುಭದ್ರಮ್ಮನವರ ಎದುರು ತಲೆ ತಗ್ಗಿಸಬಾರದಂತೆ ಎಂದು ಯಾರೋ ಅವರಿಗೆ ಹೇಳಿಬಿಟ್ಟಿದ್ದರು. ನಲವತ್ತು ಜನರೂ ಅವಳನ್ನೇ ಕಣ್ಣು ಬಿಟ್ಟುಕೊಂಡು ನೋಡುತ್ತಾ ಕುಳಿತರು. ಮುದುಕಿ ನಕ್ಕುಬಿಟ್ಟಳು. “ಮುಂದಿರೋ ಹಾಳೆಯನ್ನೂ ಸ್ವಲ್ಪ ನೋಡ್ರಪ್ಪ” ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿದರು.

ಗುರುಶಾಂತನ ಮುಂದಿನ ಸೊಪ್ಪು ಅರ್ಧವೂ ಆಗಿರಲಿಲ್ಲ.

“ಬೀದಿಯಲ್ಲಿ ಹೋಗುವ ಹೆಣ್ಣುಮಗಳನ್ನು ದಿಟ್ಟಿಸಬೇಡ ಎಂದದ್ದು ನಾನೇ” ಎಂದರು ಗುರುಗಳು. “ಪಾಠ ಹೇಳುವವರ ಮುಖ ನೋಡು ಎಂದು ಹೇಳಲಿಲ್ಲ. ಅದನ್ನೂ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ಆ ತಪ್ಪು ನನ್ನದು. ನೀಲಾಂಬಿಕೆಯವರಿಗೆ ಬೆಳಿಗ್ಗೆಯೇ ಹೇಳಿದ್ದೇನೆ. ಅವರು ನಾಳೆಯ ಪಾಠವನ್ನು ನೋಡಿ ತೀರ್ಮಾನಿಸುತ್ತೇನೆ ಎಂದಿದ್ದಾರೆ.”

ಗುರುಶಾಂತ ಸೊಪ್ಪನ್ನು ಬದಿಗಿಟ್ಟ. “ಹಾಗಾದರೆ ನಾಳೆ ಪಾಠಕ್ಕೆ ಮೊದಲೇ ಹೋಗಿ, ಎಲ್ಲರ ಪರವಾಗಿ ಅವರ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ” ಎಂದ.

“ಕಾಲಿಗೆ ಬೀಳಬೇಡ” ಎಂದರು ಗುರುಗಳು. “ಮತ್ತೆ ನೆಲವನ್ನೇ ನೋಡುತ್ತೀಯ.”